ಬಳೆಕೋವಿಯ ಒಂದು ಗುಂಡು

ಎಲೆಗೆ ಸುಣ್ಣ ಹಚ್ಚೋಣವೆಂದು ಸಂಚಿಗೆ ಕೈ ಹಾಕಿದರೆ ಈಗೀಗ ಸುಣ್ಣದ ಡಬ್ಬಿಗಿಂತ ಮೊದಲು ಬೆರಳಿಗೆ ತಾಗುವುದು ಒಂದು ಹಿತ್ತಾಳೆಯ ಚಿಪ್ಪು. ಕಿರುಬೆರಳ ಗೆಣ್ಣಿನಷ್ಟು ಉದ್ದ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿ ಬಾಯಿ ಬಿಟ್ಟಿದೆ. ಹಾರಿಹೋದ ಗುಂಡು ಹಿಂದೆ ಬಿಟ್ಟುಹೋದದ್ದು. ಸೊಸೆ ಅದನ್ನು ಎರಡು ಸಲ ಕಸಕ್ಕೆ ಹಾಕಿದ್ದಾಳೆ, ನಾನು ಎರಡು ಸಲವೂ ಹೆಕ್ಕಿ ತಂದಿದ್ದೇನೆ. ಎಪ್ಪತ್ತಾರು ದಾಟಿದ ಮುದುಕಿಗೆ ಇದೆಂಥ ಆಟಿಕೆ ಎಂದು ನೀವೂ ಕೇಳಬಹುದು. ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ, ನನಗೆ ಸಿಟ್ಟು ಬಂದಿದೆ. ಸಂತೋಷವೂ ಆಗಿದೆ. ಎರಡೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿರುವುದರಿಂದ ಯಾವುದು ಮೊದಲು ಉಕ್ಕಿ ಒಲೆಗೆ ಬೀಳುತ್ತದೆ ಎಂದು ಹೇಳಲಾರೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಿಟ್ಟನ್ನು ಮಾತ್ರ ತಿದ್ದಬೇಡಿ.

ಚಿಪ್ಪು ಬಂದದ್ದು ನಮ್ಮ ಬಳೆಕೋವಿಯಿಂದ. ಕೊಡಗಿನಲ್ಲಿ ಯಾರ ಮನೆಯ ಗೋಡೆಯಲ್ಲಾದರೂ ಒಂದು ಕೋವಿ ಇದ್ದೇ ಇರುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಆದರೆ ನಮ್ಮದರಂಥದ್ದು ನಾಪೋಕ್ಲು ಸುತ್ತಮುತ್ತ ಇನ್ನೊಂದು ಇರಲಾರದು. ಕಕ್ಕಬ್ಬೆ ಕಡೆಯ ಎಸ್ಟೇಟಿನ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ, ತನ್ನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಗಂಡನ ಅಜ್ಜನಿಗೆ ಕೊಟ್ಟುಹೋದದ್ದಂತೆ. ನಳಿಗೆ ದುಂಡಗಿಲ್ಲ, ಎಂಟು ಮೂಲೆ. ಕುದುರೆಯ ಹಿಂದೆ, ಅಂದರೆ ಬೆರಳು ಇಟ್ಟು ಎಳೆಯುವ ಜಾಗದ ಹಿಂದೆ, ಕಬ್ಬಿಣದ ಒಂದು ಬಳೆ. ಮೂರು ಬೆರಳು ಅದರೊಳಗೆ ತೂರಿಸಿ ಕೆಳಗೆ ಜಗ್ಗಿ ಮೇಲೆ ತಂದರೆ ಹಳೆಯ ಚಿಪ್ಪು ಟಣ್ಣನೆ ಹೊರಗೆ ಹಾರಿ ಹೊಸ ಗುಂಡು ಒಳಗೆ ಕೂರುತ್ತದೆ. ಪ್ರತಿ ಸಲ ಬಗ್ಗಿಸಿ ತುಂಬುವ ಕೆಲಸವಿಲ್ಲ. ಅದಕ್ಕೇ ಬಳೆಕೋವಿ ಎಂದು ಹೆಸರು. ಊರ ಗಂಡಸರು ಈ ಹೆಸರು ಹಿಡಿದು ನಗಾಡುತ್ತಿದ್ದರು. "ಬಳೆ ತೊಟ್ಟ ಕೋವಿಯಲ್ಲಿ ಹಂದಿ ಹೊಡೆಯುವುದುಂಟಾ" ಎಂದು. ಹಂದಿಗೆ ಅದರ ಗುಂಡು ಸಾಲದು, ನಿಜ. ಅದು ಗುರಿಯ ಕೋವಿ. ಈಗ ವಿರಾಜಪೇಟೆಯ ರಿಪೇರಿಯವನು ಅದನ್ನು ಕಂಡಾಗಲೆಲ್ಲ, "ಇದರ ಸ್ಪ್ರಿಂಗು ಎಲ್ಲಿಯೂ ಸಿಗುವುದಿಲ್ಲ ಅಜ್ಜಿ, ಗಾಜಿನ ಪೆಟ್ಟಿಗೆಯಲ್ಲಿಡಿ" ಎನ್ನುತ್ತಾನೆ. ಎನ್ನುತ್ತಲೇ ಎಲ್ಲಿಂದಲೋ ಒಂದು ತಂತಿ ಬಗ್ಗಿಸಿ ಸ್ಪ್ರಿಂಗು ಮಾಡಿಕೊಡುತ್ತಾನೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಒಂದು ಮಧ್ಯಾಹ್ನ, ಮಾವ ಸಂತೆಗೆ ಹೋಗಿದ್ದರು, ಅತ್ತೆ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದರು. ನನ್ನ ಗಂಡ ಹಿತ್ತಲಲ್ಲಿ ಬಳೆಕೋವಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು. "ಅದರ ಬಳೆ ನನ್ನ ಕೈಗೆ ಆಗುತ್ತದಾ ನೋಡ್ತೇನೆ" ಎಂದೆ. ತಮಾಷೆಗೆ ಎಂದದ್ದು. ಅವರು ಎದ್ದು ನನ್ನ ಭುಜಕ್ಕೆ ಕೋವಿ ಆನಿಸಿ, ಬೇಲಿಯಲ್ಲಿ ಒಣಗಿ ನೇತಾಡುತ್ತಿದ್ದ ಸೋರೆಬುರುಡೆ ತೋರಿಸಿದರು. "ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮೊದಲು ಒಂದು ಚೂರು ಸಮಯ ಉಂಟಲ್ಲ, ಆಗ ಒತ್ತು" ಎಂದರು. ಒತ್ತಿದೆ. ಬುರುಡೆ ಎರಡು ಹೋಳಾಯಿತು. ನಾನು ಬೆದರಿ ಕೋವಿಯನ್ನು ಅವರ ಕೈಗೆ ತುರುಕಿದೆ. ಅಷ್ಟರಲ್ಲಿ ಅತ್ತೆ ಬಂದರು. "ಬುರುಡೆ ಯಾರು ಒಡೆದದ್ದು?" "ನಾನೇ" ಎಂದರು ಇವರು. ಸಂಜೆ ಮಾವ ಊಟದ ಹೊತ್ತಿನಲ್ಲಿ ಮಗನ ಗುರಿಯನ್ನು ಹೊಗಳಿದ್ದೇ ಹೊಗಳಿದ್ದು. ನಾನು ಅನ್ನದ ಚರಿಗೆ ಹಿಡಿದು ಬಡಿಸುತ್ತಿದ್ದೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಕೋಣೆಯಲ್ಲಿ, "ನಿನಗೆ ಬೈಗುಳ ಬೀಳುವುದು ಬೇಡ ಅಂತ ಹಾಗೆ ಹೇಳಿದೆ. ಹೊಗಳಿಕೆ ಯಾರಿಗೆ ಬಂದರೇನು, ಮನೆಗೇ ಬಂತಲ್ಲ" ಎಂದರು.

ಒಳ್ಳೆಯ ಮನುಷ್ಯ. ಇದ್ದಷ್ಟು ದಿನ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೂ ಐವತ್ತು ವರ್ಷ ಕಳೆದ ಮೇಲೆ ಇವತ್ತು ಹೇಳುತ್ತೇನೆ, ಆ ಬುರುಡೆ ನಾನು ಒಡೆದದ್ದು.

ಇನ್ನೊಂದು ಮಾತು ಹೇಳದಿದ್ದರೆ ಈ ಕೋವಿಯ ಕಥೆ ಪೂರ್ತಿಯಾಗುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ. ಯಾರಾದರೂ ತೀರಿಕೊಂಡರೆ ಎರಡು. ಕೇಳಿದವರು ಅದರಂತೆ ಹೊರಟು ಬರುತ್ತಾರೆ. ಹೆಣ್ಣು ಹುಟ್ಟಿದರೆ ಕೋವಿ ಗೋಡೆಯಲ್ಲೇ ಇರುತ್ತದೆ. ನಾನು ಹುಟ್ಟಿದಾಗ ಅಪ್ಪ ಗದ್ದೆಯಿಂದಲೇ ಮೇಲೆ ಬರಲಿಲ್ಲವಂತೆ.

ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮಗ ಲೋಕೇಶನಿಗೆ ಮಗಳು ಹುಟ್ಟಿದಳು. ವಿರಾಜಪೇಟೆ ಆಸ್ಪತ್ರೆಯಿಂದ ಫೋನು ಬಂತು. ನನ್ನ ಗಂಡ ಬಳೆಕೋವಿ ಹಿಡಿದು ಅಂಗಳಕ್ಕಿಳಿದರು. ಹೆಣ್ಣೆಂದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನಾನು, "ಹೆಣ್ಣು ಮಗು, ಹೆಣ್ಣು" ಎನ್ನುತ್ತಾ ಹಿಂದೆ ಓಡಿದೆ. "ಗೊತ್ತುಂಟು" ಎಂದು ಹೇಳಿ ಢಂ ಎನಿಸಿದರು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಖುಷಿಯಲ್ಲಿ ಕೈ ಸುಮ್ಮನಿರಲಿಲ್ಲ. ಬೇರೆ ಕೋವಿಯಾಗಿದ್ದರೆ ಇನ್ನೊಮ್ಮೆ ತುಂಬುವಷ್ಟರಲ್ಲಿ ಬುದ್ಧಿ ಬರುತ್ತಿತ್ತು. ಇದು ಬಳೆಕೋವಿ, ಬೆರಳು ತಾನಾಗಿಯೇ ಬಳೆ ಜಗ್ಗಿತು, ಇನ್ನೊಂದು ಢಂ.

ಅರ್ಧ ಗಂಟೆಯಲ್ಲಿ ಊರಿಗೆ ಊರೇ ಅಂಗಳದಲ್ಲಿತ್ತು. ಗದ್ದೆಯಾಚೆಯ ನನ್ನ ಗೆಳತಿ ಬೋಜಮ್ಮ ಏರಿ ಹತ್ತುವಾಗಲೇ ಅಳಲು ಶುರು ಮಾಡಿದ್ದಳು. ಒಬ್ಬರ ಕಂಕುಳಲ್ಲಿ ಬಿಳಿ ಬಟ್ಟೆ. ಜಗಲಿಯಲ್ಲಿ ಕೂತಿದ್ದ ನನ್ನ ಅತ್ತೆಗೆ ಆಗ ತೊಂಬತ್ತರ ಹತ್ತಿರ. ಬಂದವರೆಲ್ಲ ತಮ್ಮನ್ನೇ ನೋಡುವುದನ್ನು ಕಂಡು, "ಎಂತ, ನಾನಾ ಹೋದದ್ದು?" ಎಂದು ಕೇಳಿದರು.

ವಿಷಯ ತಿಳಿದು ನಕ್ಕರು, ಕಾಫಿ ಕುಡಿದರು, ಬೆಲ್ಲ ತಿಂದರು. ಆಮೇಲೆ ಹಿರಿಯರಿಬ್ಬರು ನನ್ನ ಗಂಡನನ್ನು ಬದಿಗೆ ಕರೆದು, ಹೆಣ್ಣು ಹುಟ್ಟಿದ್ದಕ್ಕೆ ಗುಂಡು ಹೊಡೆಯುವುದು ಯಾವ ಊರಿನ ಕ್ರಮ ಎಂದು ತರಾಟೆಗೆ ತೆಗೆದುಕೊಂಡರು. ನನಗೆ ಇವತ್ತಿಗೂ ಅರ್ಥವಾಗದ ಸಂಗತಿ ಇದು. ಎರಡು ಹೊಡೆದದ್ದಕ್ಕೆ ನಕ್ಕರು, ಒಂದು ಹೊಡೆದದ್ದಕ್ಕೆ ಬೈದರು.

ಏಳು ವರ್ಷದ ಹಿಂದೆ ಇವರು ತೀರಿಕೊಂಡಾಗ ಲೋಕೇಶ ಅದೇ ಕೋವಿಯಲ್ಲಿ ಎರಡು ಗುಂಡು ಹೊಡೆದ. ಅವನ ಗುರಿ ದೇವರಿಗೇ ಪ್ರೀತಿ, ಆದರೆ ಆಕಾಶ ತಪ್ಪುವುದಿಲ್ಲವಲ್ಲ. ಬೋಜಮ್ಮ ಫೋನು ಮಾಡಿ ಮೊದಲು ಕೇಳಿದ್ದು, "ಮತ್ತೆ ಮೊಮ್ಮಗುವಾ?" ಎಂದು. ಪಾಪ, ಅವಳ ತಪ್ಪಲ್ಲ.

ಎರಡು ಗುಂಡಿನಲ್ಲಿ ಹುಟ್ಟಿದ ಆ ಮೊಮ್ಮಗಳೇ ರಶ್ಮಿತಾ. ಮನೆಯಲ್ಲಿ ರಶ್ಮಿ. ಈಗ ಕಕ್ಕಬ್ಬೆಯ ಒಂದು ಹೋಂಸ್ಟೇಯಲ್ಲಿ ಬಂದವರನ್ನು ನೋಡಿಕೊಳ್ಳುವ ಕೆಲಸ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಈ ಮಳೆಗಾಲದ ಒಂದು ಭಾನುವಾರ ಬಂದು, "ಅಜ್ಜಿ, ಈ ಸಲ ಕೈಲು ಮುಹೂರ್ತಕ್ಕೆ ಕಾಯಿ ಹೊಡೀಲಿಕ್ಕೆ ನಾನು ನಿಂತ್ಕೊಳ್ತೇನೆ" ಎಂದಳು.

ಕೈಲು ಮುಹೂರ್ತವೆಂದರೆ ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೇಗಿಲಿಗೆ ಪೂಜೆ ಮಾಡುವ ನಮ್ಮ ಹಬ್ಬ. ಪೂಜೆಯಾಗಿ ಊಟವಾದ ಮೇಲೆ ಮೈದಾನದಲ್ಲಿ ಮರದ ಕೊಂಬೆಗೆ ಸುಲಿದ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಹೆಂಗಸರಿಗೆಂದು ಬೇರೆ ಪಂದ್ಯ ಉಂಟು. ಏರ್‌ಗನ್ನಿನಲ್ಲಿ ಬಲೂನಿಗೆ ಹೊಡೆಯುವುದು. ಗೆದ್ದವರಿಗೆ ಸ್ಟೀಲಿನ ಡಬ್ಬ.

"ಡಬ್ಬಕ್ಕಾ, ಕಾಯಿಗಾ?" ಎಂದು ಕೇಳಿದೆ.

"ಕಾಯಿಗೆ. ಬಳೆಕೋವಿಯಲ್ಲಿ. ಬಲೂನು ಒಡೀಲಿಕ್ಕೆ ಸೂಜಿ ಸಾಕಲ್ಲ ಅಜ್ಜಿ."

ನನ್ನ ಎದೆ ಆಗ ಹೇಗೆ ಹಿಗ್ಗಿತು ಎಂದು ಹೇಗೆ ಬರೆಯಲಿ, ಅದಕ್ಕೆ ನಾಲ್ಕನೇ ಕ್ಲಾಸು ಸಾಲದು. ಹಿತ್ತಲಿನ ಬೇಲಿಗೆ ಸೋರೆಬುರುಡೆ ಕಟ್ಟಿದೆ. ಪ್ರತಿ ಭಾನುವಾರ ಮಳೆ ನಿಂತು ಹೊಳವಾದಾಗ ನಾನು ಮಣೆ ಹಾಕಿ ಕೂರುವುದು, ಅವಳು ನಿಲ್ಲುವುದು. ಗುಂಡು ದುಬಾರಿ, ಸುಮ್ಮನೆ ಹಾಳು ಮಾಡುವಂತಿಲ್ಲ. ಹತ್ತು ಸಲ ಖಾಲಿ ಕೋವಿ ಹಿಡಿಸಿ ಹನ್ನೊಂದನೆಯ ಸಲ ಒಂದು ಗುಂಡು ಕೊಡುತ್ತಿದ್ದೆ. ಮೊದಲಿನವು ಎಲ್ಲಿಗೆ ಹೋದವೋ ಬೇಲಿಗೇ ಗೊತ್ತು. ನಮ್ಮ ಹುಂಜ ಮೂರು ದಿನ ಹಿತ್ತಲಿಗೆ ಕಾಲಿಡಲಿಲ್ಲ. ಉಸಿರಿನ ಮಾತನ್ನು ನಾನು ಅವಳ ಅಜ್ಜ ಹೇಳಿದ ಹಾಗೆಯೇ ಹೇಳಿಕೊಟ್ಟೆ. ಒಂದು ದಿನ ಬುರುಡೆ ಹೋಳಾಯಿತು. ಸೊಸೆ ಅಡುಗೆಮನೆಯಿಂದ, "ಯಾರು ಹೊಡೆದದ್ದು?" ಎಂದು ಕೂಗಿದಳು. "ರಶ್ಮಿ" ಎಂದು ನಾನು ಕೂಗಿದ ಕೂಗಿಗೆ ಗದ್ದೆಯಾಚೆಯ ನಾಯಿಗಳು ಬೊಗಳಿದವು.

ಹಬ್ಬದ ದಿನ ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವನು ನಮ್ಮ ಊರ ಸಂಘದ ಅಧ್ಯಕ್ಷ ಪೂವಯ್ಯ. ನನಗೆ ವರಸೆಯಲ್ಲಿ ಮಗನಾಗಬೇಕು. ಕೋವಿಯ ಕಾಗದ ನೋಡಿ, ಪಟ್ಟಿಯಲ್ಲಿ ಹೆಸರು ಬರೆದು, ಚೀಟಿ ಕೊಡುವುದು ಅವನ ಕೆಲಸ. ರಶ್ಮಿ ಕಾಗದ ಕೊಟ್ಟಳು, ಅವನು ಬರೆದುಕೊಂಡು ನಂಬರು ಕೊಟ್ಟ. ನಾವು ಚೀಟಿಯಲ್ಲಿ ನಂಬರು ನೋಡಿದೆವೇ ಹೊರತು ಪಟ್ಟಿಯಲ್ಲಿ ಹೆಸರು ನೋಡಲಿಲ್ಲ. ಯಾರು ನೋಡುತ್ತಾರೆ.

ಅವಳ ಸರದಿ ಬಂದಾಗ ಯಾರೋ ಹಿಂದಿನಿಂದ, "ಬಳೆಕೋವಿಗೆ ತಕ್ಕ ಕೈಯೇ ಬಂದದೆ ನೋಡಿ" ಎಂದ. ನಗು ಎದ್ದಿತು. ರಶ್ಮಿ ತಿರುಗಿ ನೋಡಲಿಲ್ಲ. ಬಳೆ ಜಗ್ಗಿ ಮೇಲೆ ತಂದಳು, ಭುಜಕ್ಕೆ ಆನಿಸಿದಳು. ನಾನು ಕಾಯಿಯನ್ನು ನೋಡಲಿಲ್ಲ, ಅವಳ ಬೆನ್ನು ನೋಡುತ್ತಿದ್ದೆ. ಬೆನ್ನು ಏರಿತು, ಇಳಿಯಿತು, ನಿಂತಿತು. ಗುಂಡು ಹಾರಿತು.

ಸಣ್ಣ ಗುಂಡಾದ್ದರಿಂದ ಕಾಯಿ ಸಿಡಿಯುವುದಿಲ್ಲ, ನೀರು ಸೋರಿದರೆ ಲೆಕ್ಕ. ಎಲ್ಲರೂ ಕತ್ತೆತ್ತಿ ಕಾದೆವು. ಏನೂ ಕಾಣಲಿಲ್ಲ. ನಗಲು ಒಬ್ಬಿಬ್ಬರು ಬಾಯಿ ಸಿದ್ಧ ಮಾಡಿಕೊಂಡಿದ್ದರು. ಅಷ್ಟರಲ್ಲಿ ಕಾಯಿಯ ಅಡಿಯಲ್ಲಿ ಒಂದು ಹನಿ ಹೊಳೆಯಿತು. ಬಿತ್ತು. ಇನ್ನೊಂದು. ಆಮೇಲೆ ದಾರವಾಗಿ ಇಳಿಯಿತು. ಮೊದಲ ಗುಂಡಿಗೇ ಕಾಯಿ ಹೊಡೆದವರು ಆ ದಿನ ಬೇರೆ ಯಾರೂ ಇರಲಿಲ್ಲ. ರಶ್ಮಿ ಬಳೆ ಜಗ್ಗಿ, ನೆಲಕ್ಕೆ ಹಾರಿದ ಚಿಪ್ಪು ಹೆಕ್ಕಿ, ಬಿಸಿಯಾಗಿದ್ದದ್ದನ್ನು ಊದಿ ಊದಿ ತಂದು ನನ್ನ ಕೈಯಲ್ಲಿಟ್ಟಳು. ನಾನು ಅತ್ತೆನಂತೆ. ಬೋಜಮ್ಮ ಹಾಗೆ ಹೇಳುತ್ತಾಳೆ, ನಾನು ಒಪ್ಪುವುದಿಲ್ಲ.

ಸಂಜೆ ಮೈಕಿನಲ್ಲಿ ಪೂವಯ್ಯ ಪಟ್ಟಿ ಓದಿದ. "ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಪ್ರಥಮ ಸ್ಥಾನ, ಲೋಕೇಶ."

ನನ್ನ ಮಗ ಆಗ ಎಲ್ಲಿದ್ದ ಗೊತ್ತೇ. ಮೈದಾನದ ಹಿಂದಿನ ಶೆಡ್ಡಿನಲ್ಲಿ ಬೆಳಗಿನಿಂದ ಊರಿಗೆಲ್ಲ ಹಂದಿ ಬೇಯಿಸುತ್ತಿದ್ದ. ಅವನ ಕೈ ಒಲೆಗೆ ಬಂದರೆ ಇನ್ನೊಬ್ಬರಿಲ್ಲ, ಅದು ನಿಜ. ಕೋವಿಯ ಮುಖವನ್ನು ಮಾತ್ರ ಅವನು ಆ ದಿನ ಪೂಜೆಯಲ್ಲಿ ನೋಡಿದ್ದು ಬಿಟ್ಟರೆ ಮತ್ತೆ ನೋಡಿರಲಿಲ್ಲ. ಹೆಸರು ಕೇಳಿ ಕೈಯಲ್ಲಿ ಸೌಟು ಹಿಡಿದೇ ಬಂದ. "ನಾನಾ?"

"ಕೋವಿಯ ಕಾಗದ ನಿಮ್ಮ ಹೆಸರಲ್ಲಿ ಉಂಟಲ್ಲ ಅಣ್ಣ, ಪಟ್ಟಿಯಲ್ಲಿ ಹಾಗೇ ಬರೆದದ್ದು" ಎಂದ ಪೂವಯ್ಯ.

ಅಲ್ಲಿ ನನ್ನ ಮಗ ಏನು ಮಾಡಬೇಕಿತ್ತು, ನೀವೇ ಹೇಳಿ. ಮಾಡಿದ್ದೇನು? ನಕ್ಕ. ಸೌಟು ಎಡಗೈಗೆ ಬದಲಾಯಿಸಿ ಬಲಗೈಯಲ್ಲಿ ಬಹುಮಾನದ ಕಪ್ಪು ತೆಗೆದುಕೊಂಡ. ವೇದಿಕೆಯಿಂದ ಇಳಿದು ಬಂದು ಮಗಳ ಕೈಗೆ ಕೊಟ್ಟು, "ಯಾರ ಹೆಸರಾದರೆ ಎಂತ, ಮನೆಗೇ ಬಂತಲ್ಲ" ಎಂದ.

ಅಪ್ಪನ ಮಾತು, ಅಪ್ಪನ ನಗು. ಐವತ್ತು ವರ್ಷದ ಹಿಂದಿನ ಅನ್ನದ ಚರಿಗೆ ಮತ್ತೆ ನನ್ನ ಕೈಗೆ ಬಂದ ಹಾಗಾಯಿತು. ರಶ್ಮಿ ತುಟಿ ಬಿಗಿದು ನಕ್ಕು, "ಬಿಡಜ್ಜಿ, ಹೊಡೆದದ್ದು ಎಲ್ಲರಿಗೂ ಗೊತ್ತುಂಟಲ್ಲ" ಎಂದಳು. ಎಲ್ಲರಿಗೂ ಗೊತ್ತುಂಟು, ಸರಿ. ಇವತ್ತು ಗೊತ್ತಿದ್ದವರು ನಾಳೆ ಸಾಯುತ್ತಾರೆ, ಬರೆದದ್ದು ಉಳಿಯುತ್ತದೆ. ಸಂಘದ ಕಟ್ಟಡದ ಜಗಲಿಯಲ್ಲಿ ಒಂದು ಕರಿ ಹಲಗೆ ಉಂಟು. ವರ್ಷವಾರು ಕಾಯಿ ಹೊಡೆದವರ ಹೆಸರು ಬಿಳಿ ಪೇಂಟಿನಲ್ಲಿ ಬರೆಯುತ್ತಾರೆ. ನನ್ನ ಗಂಡನ ಹೆಸರು ಅದರಲ್ಲಿ ಮೂರು ಕಡೆ ಇದೆ. ಒಂದೇ ಒಂದು ಹೆಣ್ಣಿನ ಹೆಸರು ಇಲ್ಲ. ರಶ್ಮಿ ಆ ಹಲಗೆಯ ಕೆಳಗೇ ನಿಂತು ಶಾಲೆಯ ಬಸ್ಸು ಕಾಯುತ್ತಿದ್ದವಳು. ಅದರಲ್ಲಿ ಅಜ್ಜನ ಹೆಸರು ಓದುತ್ತಲೇ ಅಕ್ಷರ ಕಲಿತಳು. ಕಪ್ಪು ಯಾರಿಗೆ ಬೇಕಿತ್ತು, ಅವಳಿಗೆ ಬೇಕಿದ್ದದ್ದು ಆ ಹಲಗೆಯಲ್ಲಿ ಒಂದು ಸಾಲು.

ಮರುದಿನವೇ ಪೂವಯ್ಯನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ. ಹಬ್ಬದ ಗೌಜಿಯಲ್ಲಿ ಬೈಕಿನಿಂದ ಬಿದ್ದಿದ್ದನಂತೆ.

"ಪೂವಯ್ಯ, ಆ ಹೆಸರು ತಿದ್ದು."

"ಕುಳಿತುಕೊಳ್ಳಿ ದೊಡ್ಡವ್ವ, ಕಾಫಿ ಕುಡಿಯಿರಿ. ತಿದ್ದಲಿಕ್ಕೆ ಆಗುವುದಿಲ್ಲ. ಕಾಗದ ಯಾರ ಹೆಸರಲ್ಲೋ ಪಟ್ಟಿ ಅವರ ಹೆಸರಲ್ಲಿ. ಮೊದಲಿನಿಂದಲೂ ಹಾಗೇ ಅಲ್ವಾ."

"ಕಾಗದ ಗುಂಡು ಹೊಡೆಯಿತಾ?"

"ಹಾಗಲ್ಲ ದೊಡ್ಡವ್ವ."

"ನಿನ್ನ ಬೈಕಿನ ಕಾಗದ ಯಾರ ಹೆಸರಲ್ಲಿ ಉಂಟು?"

"ಹೆಂಡತಿಯ ಅಪ್ಪಂದು" ಎಂದ.

"ಹಾಗಾದರೆ ನಿನ್ನೆ ಬಿದ್ದದ್ದು ನಿನ್ನ ಮಾವ. ಬ್ಯಾಂಡೇಜು ಬಿಚ್ಚಿ ಅವರ ಕಾಲಿಗೆ ಕಟ್ಟಿ ಬಾ."

ಒಳಗೆ ಅವನ ಹೆಂಡತಿ ನಕ್ಕದ್ದು ಕೇಳಿಸಿತು. ಅವನಿಗೂ ನಗು ಬಂತು, ಆದರೆ ತಲೆಯಾಡಿಸಿದ. ಪೇಂಟರು ಬೆಳಿಗ್ಗೆಯೇ ಬಂದು ಬರೆದುಹೋಗಿದ್ದಾನೆ, ಈಗ ಅಳಿಸಿದರೆ ಹಲಗೆ ಹಾಳು, ಬರುವ ಮೀಟಿಂಗಿನಲ್ಲಿ ವಿಷಯ ಇಡುತ್ತೇನೆ ಎಂದ. ಕಾಯಿ ಒಡೆಯಲು ಒಂದು ಗುಂಡು ಸಾಕು, ಹೆಸರು ಬರೆಯಲು ಮೀಟಿಂಗು ಬೇಕು. ಕಾಫಿ ಕುಡಿಯದೆ ಎದ್ದು ಬಂದೆ. ಅವರ ಮನೆಯ ಕಾಫಿ ಚೆನ್ನಾಗಿರುತ್ತದೆ, ಅದೂ ಒಂದು ನಷ್ಟವೇ.

ದಾರಿಯಲ್ಲೇ ಸಂಘದ ಕಟ್ಟಡ. ಹಲಗೆಯ ಕೊನೆಯ ಸಾಲಿನಲ್ಲಿ ಲೋಕೇಶನ ಹೆಸರು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ನೋಡುತ್ತಾ ನಿಂತೆ. ಬಾಯಿ ಒಣಗಿತ್ತು, ಎಲೆ ಹಾಕೋಣವೆಂದು ಸಂಚಿಗೆ ಕೈ ಹಾಕಿದೆ. ಮೊದಲು ಚಿಪ್ಪು ಸಿಕ್ಕಿತು. ಅದರ ಹಿಂದೆ ಸುಣ್ಣದ ಡಬ್ಬಿ.

ಕರಿ ಹಲಗೆ, ಬಿಳಿ ಸುಣ್ಣ. ಶಾಲೆ ಬಿಟ್ಟು ಅರವತ್ತೇಳು ವರ್ಷವಾದರೂ ಅಷ್ಟು ನೆನಪಿತ್ತು.

ಕೈ ಎಟುಕಲಿಲ್ಲ. ಜಗಲಿಯ ಸ್ಟೂಲು ಎಳೆಯುತ್ತಿದ್ದೆ. ಹಿಂದಿನಿಂದ ಯಾರೋ ಅದನ್ನು ಹಿಡಿದರು. ತಿರುಗಿದರೆ ಲೋಕೇಶ. ಹಂದಿ ಬೇಯಿಸಿದ ಕಡಾಯಿ ವಾಪಸು ಕೊಡಲು ಬಂದಿದ್ದನಂತೆ. ಬೈಯುತ್ತಾನೆ ಎಂದುಕೊಂಡೆ. ಅವನು ಸ್ಟೂಲನ್ನು ಹಲಗೆಯ ಕೆಳಗಿಟ್ಟು, ನಾನು ಹತ್ತಿದ ಮೇಲೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ತೋರುಬೆರಳಿಗೆ ಸುಣ್ಣ ತೆಗೆದು ಅವನ ಹೆಸರಿನ ಕೆಳಗೆ ಒಂದೊಂದೇ ಅಕ್ಷರ ಬರೆದೆ. ರಶ್ಮಿತಾ. ಸಾಲು ಬಲಕ್ಕೆ ಹೋಗುತ್ತಾ ಏರಿ ಹತ್ತಿತ್ತು.

"ಅವ್ವ, ನನ್ನ ಹೆಸರು ಅಳಿಸ್ಲಾ?" ಎಂದ. "ಸೀಮೆಣ್ಣೆ ತಂದರೆ ಹೋಗ್ತದೆ."

"ಇರಲಿ ಬಿಡು. ಪಕ್ಕದಲ್ಲಿ ಹಂದಿ ಬೇಯಿಸಿದವರು ಅಂತ ಬರೆಸು. ಅದಾದರೂ ನಿಜ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ನಾನು ಮೈಕಿನಲ್ಲೇ ಹೇಳಬೇಕಿತ್ತು" ಎಂದ. ನಾನು ಸುಣ್ಣದ ಬೆರಳು ಸೆರಗಿಗೆ ಒರೆಸಿಕೊಂಡು ಸ್ಟೂಲಿನಿಂದ ಇಳಿದೆ. ಹೊಟ್ಟೆಯಲ್ಲಿ ಸ್ವಲ್ಪ ಕುದಿಯಲಿ, ಹಂದಿಯೂ ಹಾಗೆಯೇ ಬೇಯುವುದು.

ನಮ್ಮ ಕಡೆಯ ಥಂಡಿಗೆ ಸುಣ್ಣ ನಿಲ್ಲುವುದಿಲ್ಲ. ವಾರದಲ್ಲಿ ಮಸುಕಾಗುತ್ತದೆ. ಸಂತೆಗೆ ಹೋಗುವಾಗ ಸ್ಟೂಲು ಹತ್ತಿ ಮತ್ತೆ ಬರೆದು ಬರುತ್ತೇನೆ. ಮೂರನೆಯ ವಾರ ಪೂವಯ್ಯ ಎದುರಾಗಿ, "ದೊಡ್ಡವ್ವ, ಬಿದ್ದು ಸೊಂಟ ಮುರಿದುಕೊಂಡೀರಿ" ಎಂದ. "ಮುರಿದರೆ ಆಸ್ಪತ್ರೆ ಚೀಟಿ ನಿನ್ನ ಹೆಸರಿನಲ್ಲೇ ಬರೆಸುತ್ತೇನೆ" ಎಂದೆ. ಮೀಟಿಂಗು ಇನ್ನೂ ಆಗಿಲ್ಲ. ನನ್ನ ಡಬ್ಬಿಯಲ್ಲಿ ಸುಣ್ಣವೂ ಮುಗಿದಿಲ್ಲ.

ಮೊದಲ ಸಲ ಬರೆದ ದಿನದ್ದು ಒಂದು ಮಾತು ಉಳಿದಿದೆ. ಸಂಜೆಯ ಬಸ್ಸಿನಿಂದ ಸಂಘದ ಮುಂದೆಯೇ ಇಳಿಯುವ ರಶ್ಮಿ ಆ ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ನಿಂತಳು. ಕಣ್ಣು ಕೆಂಪಗಿತ್ತು, ಬಾಯಿ ನಗುತ್ತಿತ್ತು. "ಅಜ್ಜಿ, ಒಂದು ಗುಂಡು ಹೊಡೀಲಾ?"

"ಹೊಡಿ. ಒಂದೇ. ನಿನ್ನ ಅಜ್ಜನ ಹಾಗೆ ಮಾಡಬೇಡ."

ಲೋಕೇಶ ತಾನೇ ಒಳಗಿಂದ ಬಳೆಕೋವಿ ತಂದು ಅವಳ ಕೈಗೆ ಕೊಟ್ಟ. ಅವಳು ಆಕಾಶಕ್ಕೆ ಒಂದು ಹೊಡೆದು, ಬಳೆಯಿಂದ ಬೆರಳು ತೆಗೆದು, ಕೋವಿ ಕೆಳಗಿಳಿಸಿದಳು. ಸದ್ದು ಗದ್ದೆ ದಾಟಿ ಹೋಯಿತು. ನಾವು ಮೂವರೂ ಎರಡನೆಯದಕ್ಕೆ ಕಾಯುತ್ತಿರುವವರಂತೆ ನಿಂತೆವು. ಒಳಗೆ ಫೋನು ಬಡಿಯಿತು. ಬೋಜಮ್ಮ.

"ಒಂದೇ ಕೇಳಿತು. ಸರಿಯಾಗಿ ಎಣಿಸಿದ್ದೇನೆ ಈ ಸಲ. ಯಾರ ಮನೆಯಲ್ಲಿ ಹುಟ್ಟಿದ್ದು?"

"ನಮ್ಮಲ್ಲೇ" ಎಂದೆ. "ಹೆಣ್ಣು."